ನೋಡಿ ಬರಬೇಡಿ, ಕುಳಿತು ಬನ್ನಿ

ಕೇಳುಗರಿಗೆಲ್ಲ ನಮಸ್ಕಾರ. ಶೋರೂಮಿಗೆ ಹೋಗಿ ಹೊಸ ಎಸ್‌ಯುವಿಯೊಂದನ್ನು ಮೊದಲ ಸಲ ಕಾಣುವಾಗ ಏನನ್ನು ಗಮನಿಸಬೇಕು ಎಂಬುದನ್ನು ಕುರಿತು ಹತ್ತು ನಿಮಿಷ ಮಾತನಾಡಬೇಕೆಂದು ರೇಡಿಯೋದವರು ನನ್ನನ್ನು ಕರೆದಿದ್ದಾರೆ. ಪುಣೆಯ ಪಕ್ಕದ ಪಿಂಪ್ರಿ-ಚಿಂಚವಾಡದ ಕಾರು ಕಾರ್ಖಾನೆಯೊಂದರ ಸೀಟು ವಿಭಾಗದಲ್ಲಿ ಮೂವತ್ತು ವರ್ಷ ಕಳೆದವನು ನಾನು. ಎಂಜಿನ್ನಿನ ಶಕ್ತಿ, ಪರದೆಯ ಅಳತೆ, ಸ್ಪೀಕರುಗಳ ಸಂಖ್ಯೆ ಇವುಗಳನ್ನು ಕೇಳಲು ಕಾದವರಲ್ಲಿ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನಗೆ ಹೇಳಲಿಕ್ಕಿರುವುದು ಒಂದೇ ಮಾತು: ಕಾರನ್ನು ನೋಡಿ ಬರಬೇಡಿ, ಕುಳಿತು ಬನ್ನಿ.

ಶೋರೂಮ್ ಎಂಬುದು ಕಣ್ಣಿಗಾಗಿ ಕಟ್ಟಿದ ಜಾಗ. ನೆಲ ಕನ್ನಡಿಯ ಹಾಗೆ ಸಪಾಟು, ಮೇಲಿನಿಂದ ಬೆಳ್ಳನೆಯ ದೀಪಗಳ ಸುರಿಮಳೆ, ನಡುವೆ ಮದುಮಗನಂತೆ ನಿಂತ ಗಾಡಿ. ನಾವು ಅದರ ಸುತ್ತ ಪ್ರದಕ್ಷಿಣೆ ಹಾಕುತ್ತೇವೆ, ಬಾನೆಟ್ಟಿನ ಎತ್ತರ ನೋಡಿ ಎದೆಯುಬ್ಬಿಸುತ್ತೇವೆ, ಟೈರನ್ನು ಬೂಟುಗಾಲಿನಿಂದ ಒಮ್ಮೆ ತಟ್ಟುತ್ತೇವೆ. ಅದರಿಂದ ಏನು ತಿಳಿಯುತ್ತದೆಂಬುದು ಇಷ್ಟು ವರ್ಷವಾದರೂ ನನಗೆ ಗೊತ್ತಾಗಿಲ್ಲ. ಅಷ್ಟರಲ್ಲಿ ಮಾರಾಟದ ಹುಡುಗ ಪರದೆ ಬೆಳಗಿಸಿ, ಸನ್‌ರೂಫ್ ತೆರೆದು, ಬಣ್ಣ ಬದಲಿಸುವ ದೀಪಗಳನ್ನು ತೋರಿಸುತ್ತಾನೆ. ಅರ್ಧ ಗಂಟೆಯ ಭೇಟಿಯಲ್ಲಿ ನಾವು ಆಸನದ ಮೇಲೆ ಕುಳಿತದ್ದು ಎರಡು ನಿಮಿಷ, ಹಿಂದಿನ ಆಸನದಲ್ಲಂತೂ ಅದೂ ಇಲ್ಲ.

ಕಾರನ್ನು ರೂಪಿಸುವವರು ಒಳಾಂಗಣದ ಲೆಕ್ಕವನ್ನು ಆರಂಭಿಸುವುದು ಎಚ್-ಪಾಯಿಂಟ್ ಎಂಬ ಒಂದು ಬಿಂದುವಿನಿಂದ. ಕುಳಿತವರ ಸೊಂಟದ ಕೀಲು ಎಲ್ಲಿ ಬರುತ್ತದೆಯೋ ಅದೇ ಆ ಬಿಂದು. ಸ್ಟಿಯರಿಂಗ್ ಎಷ್ಟು ದೂರವಿರಬೇಕು, ಚಾವಣಿ ಎಷ್ಟು ಎತ್ತರವಿರಬೇಕು, ಕಣ್ಣಿಗೆ ರಸ್ತೆ ಎಲ್ಲಿಂದ ಕಾಣಬೇಕು ಎಂಬುದೆಲ್ಲ ಅಲ್ಲಿಂದಲೇ ಅಳೆಯಲ್ಪಡುತ್ತದೆ. 1983ರ ಕೊನೆಗೆ ಬಂದ ಮಾರುತಿ 800ರಲ್ಲಿ ನಾವು ಇಳಿದು ಕೂರುತ್ತಿದ್ದೆವು, ಜೀಪಿನಲ್ಲಿ ಹತ್ತಿ ಕೂರುತ್ತಿದ್ದೆವು. ಒಳ್ಳೆಯ ಎಸ್‌ಯುವಿಯಲ್ಲಿ ಇಳಿಯುವುದೂ ಬೇಡ, ಹತ್ತುವುದೂ ಬೇಡ, ಪಕ್ಕಕ್ಕೆ ಸರಿದರೆ ಸಾಕು, ಕುಳಿತಾಯಿತು. ಜನ ಇಂಥ ಗಾಡಿಗಳಿಗೆ ಮನಸೋತದ್ದರಲ್ಲಿ ಈ ಸೊಂಟದ ಎತ್ತರದ ಪಾಲು ದೊಡ್ಡದು, ಆದರೆ ಎಸ್‌ಯುವಿ ಎಂಬ ಹೆಸರಿದ್ದ ಮಾತ್ರಕ್ಕೆ ಆ ಎತ್ತರ ತಾನಾಗಿ ಸರಿಬರುವುದಿಲ್ಲ.

ಕಳೆದ ತಿಂಗಳ ಒಂದು ಸಂಗತಿ ಹೇಳುತ್ತೇನೆ. ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನ ಅಕ್ಕನ ಮಗ ಬ್ಯಾಟರಿಯ ಎಸ್‌ಯುವಿಯೊಂದನ್ನು ನಿಶ್ಚಯ ಮಾಡಿಕೊಂಡಿದ್ದ. ‘ಮಾಮಾ, ಸುಮ್ಮನ ನೋಡಾಕ ಬರ್ರಿ’ ಎಂದು ನನ್ನನ್ನು ಹಳೆಯ ಮುಂಬೈ-ಪುಣೆ ರಸ್ತೆಯ ಶೋರೂಮಿಗೆ ಕರೆದುಕೊಂಡು ಹೋದ. ವಿಜಯಪುರದಿಂದ ಬಂದಿದ್ದ ಅಕ್ಕನೂ ಜೊತೆಗಿದ್ದಳು. ಅವಳಿಗೆ ಎಪ್ಪತ್ತೆರಡು, ಮೊಣಕಾಲು ನೋವು, ಉಟ್ಟದ್ದು ಇಳಕಲ್ ಸೀರೆ. ಕಾರು ಕೊಳ್ಳುವ ಮಾತುಕತೆಯಲ್ಲಿ ಅವಳ ಅಭಿಪ್ರಾಯವನ್ನು ಯಾರೂ ಕೇಳಿರಲಿಲ್ಲ, ಊರಿಗೆ ಹೋಗುವಾಗಲೆಲ್ಲ ಹಿಂದಿನ ಆಸನದಲ್ಲಿ ಏಳೆಂಟು ಗಂಟೆ ಕೂರಬೇಕಾದವಳು ಮಾತ್ರ ಅವಳೇ.

ಮಾರಾಟದ ಹುಡುಗ ಮರಾಠಿಯಲ್ಲಿ ‘ಆಜೀ, ಬಸಾ ನಾ’, ಅಜ್ಜೀ ಕೂರಿ, ಎಂದು ಮರ್ಯಾದೆಯಿಂದ ಹಿಂಬಾಗಿಲು ತೆರೆದ. ಅಕ್ಕ ಒಂದು ಕೈಯಲ್ಲಿ ನಿರಿಗೆ ಎತ್ತಿ ಹಿಡಿದು ಇನ್ನೊಂದು ಕೈಯಿಂದ ಆಧಾರಕ್ಕಾಗಿ ಬಾಗಿಲ ಪಕ್ಕದ ಕಂಬವನ್ನು ತಡವಿದಳು. ಅಲ್ಲಿ ಹಿಡಿಕೆಯಿರಲಿಲ್ಲ, ನುಣುಪಾದ ಪ್ಲಾಸ್ಟಿಕ್ಕಿನ ಮೇಲೆ ಬೆರಳುಗಳು ಜಾರಿದವು. ಕೊನೆಗೆ ಮುಂದಿನ ಆಸನದ ತಲೆದಿಂಬನ್ನು ಹಿಡಿದು ಹೇಗೋ ಒಳಗೆ ಸೇರಿದಳು. ಅದೇ ಹೊತ್ತಿಗೆ ಮುಂದೆ ಕುಳಿತಿದ್ದ ಮಗ ಬಾಯಿಮಾತಿನಲ್ಲೇ ಆಜ್ಞೆ ಕೊಟ್ಟು ಸನ್‌ರೂಫ್ ತೆರೆಯಿಸಿ, ತಾಯಿಯ ಮುಖ ಅರಳುವುದನ್ನು ಕನ್ನಡಿಯಲ್ಲಿ ನೋಡಲು ಕಾದ. ಅಕ್ಕ ಒಮ್ಮೆ ಮೇಲೆ ನೋಡಿದಳು, ಒಮ್ಮೆ ತನ್ನ ಮೊಣಕಾಲು ನೋಡಿಕೊಂಡಳು. ‘ತಮ್ಮಾ, ಇದರಾಗ ಕುಕ್ಕರಗಾಲಿಲೆ ಕುಂತಂಗ ಆಗೈತಲ್ಲೋ’ ಎಂದಳು.

ನಾನು ಮೂವತ್ತು ವರ್ಷ ಮಾಡಿದ ಪರೀಕ್ಷೆಯನ್ನು ಆಕೆ ಒಂದು ಗಳಿಗೆಯಲ್ಲಿ ಮುಗಿಸಿದ್ದಳು. ಬಗ್ಗಿ ಅವಳ ತೊಡೆಯ ಕೆಳಗೆ ಕೈಯಿಟ್ಟು ನೋಡಿದೆ. ಮೊಣಕಾಲಿನಿಂದ ಒಂದು ಗೇಣಿನವರೆಗೆ ನನ್ನ ಅಂಗೈ ಸಲೀಸಾಗಿ ಒಳಗೆ ಹೋಯಿತು. ಅಂದರೆ ತೊಡೆಗೆ ಆಸನದ ಆಸರೆಯೇ ಇಲ್ಲ, ಮೈಭಾರವೆಲ್ಲ ಸೊಂಟದ ಮೇಲೆ ಬಿದ್ದಿದೆ. ಕಾರಣ ಸರಳ. ಪೆಟ್ರೋಲ್ ಎಂಜಿನ್ನಿಗೆಂದು ರೂಪಿಸಿದ ಗಾಡಿಯ ನೆಲದಡಿ ಬ್ಯಾಟರಿಯನ್ನು ಸೇರಿಸಿದಾಗ ನೆಲ ಮೇಲೇಳುತ್ತದೆ, ಆಸನವನ್ನೂ ಅಷ್ಟೇ ಏರಿಸಿದರೆ ತಲೆ ಚಾವಣಿಗೆ ತಾಗುತ್ತದೆ. ಆದ್ದರಿಂದ ಪಾದ ಮೇಲೆ ಬರುತ್ತದೆ, ಸೊಂಟ ಇದ್ದಲ್ಲೇ ಇರುತ್ತದೆ, ಮೊಣಕಾಲು ಎದೆಯ ಕಡೆಗೆ ಏಳುತ್ತದೆ. ನೆಲ ಸಮತಟ್ಟಾಗಿದೆ, ಅದು ಅನುಕೂಲವಲ್ಲವೇ ಎಂದು ಹುಡುಗ ನನಗೆ ತಿಳಿಹೇಳಿದ. ಸಮತಟ್ಟು ಹೌದು, ನಮ್ಮ ಮನೆಯ ನೆಲವೂ ಸಮತಟ್ಟಾಗಿಯೇ ಇದೆ, ಅದರ ಮೇಲೆ ಕುಕ್ಕರಗಾಲಿನಲ್ಲಿ ಎಂಟು ಗಂಟೆ ಕೂರಲು ಯಾರೂ ದುಡ್ಡು ಕೊಡುವುದಿಲ್ಲ.

ನಾವು ಹದಿನೈದು ನಿಮಿಷ ಹೀಗೆಯೇ ಕುಳಿತಿರುತ್ತೇವೆ ಎಂದೆ. ಹುಡುಗ ನಕ್ಕು ಚಹಾ ತರಿಸಿದ. ಹತ್ತನೆಯ ನಿಮಿಷಕ್ಕೆ ಅಕ್ಕ ಕಾಲು ಚಾಚಲು ಜಾಗ ಹುಡುಕತೊಡಗಿದಳು. ಇಳಿಯುವುದು ಹತ್ತುವುದಕ್ಕಿಂತ ಕಷ್ಟವಾಯಿತು, ಇಬ್ಬರು ಕೈಹಿಡಿಯಬೇಕಾಯಿತು. ಬುಕಿಂಗ್ ಹಣ ಕಳಿಸಲು ಅಳಿಯ ಕೈಯಲ್ಲಿ ಹಿಡಿದಿದ್ದ ಫೋನು ಜೇಬಿಗೆ ಹೋಯಿತು. ಅವನಿಗೆ ನನ್ನ ಮೇಲೆ ಇನ್ನೂ ಮುನಿಸಿದೆ, ಇರಲಿ.

ಈ ಕಥೆಗೇ ಹೆಚ್ಚು ಹೊತ್ತು ಹಿಡಿಯಿತು, ಗಾಜಿನಾಚೆ ಕುಳಿತವರು ಕೈಗಡಿಯಾರ ತೋರಿಸುತ್ತಿದ್ದಾರೆ. ನೀವು ಮಾಡಬೇಕಾದದ್ದು ಇಷ್ಟು: ಚಾಲಕನ ಆಸನವನ್ನು ನಿಮಗೆ ಬೇಕಾದಂತೆ ಹೊಂದಿಸಿಕೊಳ್ಳಿ, ಆಮೇಲೆ ಅದನ್ನು ಕದಲಿಸದೆ ಇಳಿದು ಅದರ ಹಿಂದೆ ನೀವೇ ಹೋಗಿ ಕೂರಿ. ನಾಲ್ಕು ಮೀಟರಿನೊಳಗಿನ ಗಾಡಿಗಳಲ್ಲಿ ಇದನ್ನು ತಪ್ಪದೆ ಮಾಡಬೇಕು. 2025ರ ಸೆಪ್ಟೆಂಬರ್ 22ರಿಂದ ಜಾರಿಯಾದ ಜಿಎಸ್‌ಟಿಯಲ್ಲಿ, ಉದ್ದ ನಾಲ್ಕು ಮೀಟರಿನೊಳಗಿದ್ದು ಪೆಟ್ರೋಲ್ ಎಂಜಿನ್ 1200 ಸಿಸಿ ಅಥವಾ ಡೀಸೆಲ್ ಎಂಜಿನ್ 1500 ಸಿಸಿ ಮೀರದಿದ್ದರೆ ತೆರಿಗೆ ಶೇ 18, ಮೀರಿದರೆ ಶೇ 40. ನೆಕ್ಸಾನ್, ವೆನ್ಯೂ ಎರಡೂ ಸರಿಯಾಗಿ 3995 ಮಿಲಿಮೀಟರ್ ಉದ್ದವಿರುವುದು ಕಾಕತಾಳೀಯವಲ್ಲ. ಉದ್ದಕ್ಕೆ ಮಿತಿ ಬಿದ್ದಾಗ ಹಿಂದಿನವರ ಮೊಣಕಾಲಿಗೂ ಡಿಕ್ಕಿಗೂ ಜಗ್ಗಾಟ ನಡೆಯುತ್ತದೆ, ಅದನ್ನು ಕುಳಿತೇ ತಿಳಿಯಬೇಕು.

ಹಿಂದೆ ಕೂರುವವರನ್ನು ನೆನೆಯುವುದು ನಮಗೆ ತಡವಾಗಿ ಬಂದ ಬುದ್ಧಿ. 1991ರಲ್ಲಿ ಟಾಟಾ ಸಿಯೆರಾ ಬಂದಾಗ ನೋಡಲು ಎಷ್ಟು ಚೆಂದವಿತ್ತೆಂದು ಇಂದಿಗೂ ಪುಣೆಯ ಹಳಬರು ಹೇಳುತ್ತಾರೆ, ಆದರೆ ಪಕ್ಕದ ಬಾಗಿಲುಗಳು ಎರಡೇ ಇದ್ದುದರಿಂದ ಹಿಂದಿನವರು ಮುಂದಿನ ಆಸನವನ್ನು ಬಾಗಿಸಿ ನುಸುಳಬೇಕಿತ್ತು. ಅದೇ ಹೆಸರು 2025ರ ನವೆಂಬರಿನಲ್ಲಿ ಮರಳಿ ಬಂದಾಗ ಹಿಂದಿನವರಿಗೂ ಬಾಗಿಲು ಸಿಕ್ಕಿತು.

ಮಕ್ಕಳನ್ನೂ ಕೂರಿಸಿ. ಕಿಟಕಿಯ ಅಂಚು ಮಗುವಿನ ಕಣ್ಣಿಗಿಂತ ಮೇಲಿದ್ದರೆ ಹೊರಗಿನ ರಸ್ತೆ ಅದಕ್ಕೆ ಕಾಣುವುದಿಲ್ಲ. ತಿರುವನ್ನು ಕಿವಿಯೊಳಗಿನ ಸಮತೋಲನದ ಅಂಗ ಅರಿಯುತ್ತದೆ, ಕಣ್ಣು ಅರಿಯುವುದಿಲ್ಲ, ಖಂಬಾಟ್ಕಿ ಘಾಟಿನಲ್ಲಿ ವಾಂತಿಯಾಗುವುದು ಅದಕ್ಕೇ. ಮೂರನೆಯ ಸಾಲಿನ ಗಾಡಿಯಾದರೆ ಆ ಸಾಲನ್ನು ಎತ್ತಿಸಿಯೇ ಡಿಕ್ಕಿ ನೋಡಿ, ದೀಪಾವಳಿಗೆ ಊರಿನಿಂದ ತರುವ ಜೋಳದ ಚೀಲವನ್ನು ಎಲ್ಲಿಡುತ್ತೀರೆಂದು ಅಲ್ಲೇ ಕೇಳಿಕೊಳ್ಳಿ. 2023ರ ಅಕ್ಟೋಬರಿನಿಂದ ನಡೆದಿರುವ ಭಾರತ್ ಎನ್‌ಸಿಎಪಿ ಎಂಬ ಅಪಘಾತ ಸುರಕ್ಷತಾ ಪರೀಕ್ಷೆಯಲ್ಲಿ ಗಾಡಿಗೆ ಸಿಕ್ಕ ನಕ್ಷತ್ರಗಳನ್ನು ಅವಶ್ಯ ವಿಚಾರಿಸಿ, ಜೊತೆಗೆ ಹಿಂದಿನ ಬೆಲ್ಟನ್ನು ಕೈಯಾರೆ ಎಳೆದು ಹಾಕಿ ನೋಡಿ. ಗಾಡಿ ಕೈಗೆ ಬರುವ ದಿನ ಟೈರಿನ ಪಕ್ಕದ ನಾಲ್ಕು ಅಂಕಿಗಳನ್ನು ಓದಿ: 2325 ಎಂದಿದ್ದರೆ ಅದು 2025ರ 23ನೆಯ ವಾರದ ಟೈರು.

ಇದೆಲ್ಲವನ್ನು ದಸರೆಯ ಅಥವಾ ಗುಡಿ ಪಾಡ್ವದ ಗದ್ದಲದಲ್ಲಿ ಮಾಡಲು ಹೋಗಬೇಡಿ, ಅಂದು ನಿಮ್ಮನ್ನು ಹದಿನೈದು ನಿಮಿಷ ಕೂರಲು ಯಾರೂ ಬಿಡುವುದಿಲ್ಲ. ಮಂಗಳವಾರವೋ ಬುಧವಾರವೋ ಮಧ್ಯಾಹ್ನದ ಹೊತ್ತಿಗೆ, ಮನೆಯ ಹಿರಿಯರನ್ನು ಕರೆದುಕೊಂಡು ಹೋಗಿ. ನಮಸ್ಕಾರ.