ಕಾಲು ತೆಗೆದರೂ ಆರದ ಬ್ರೇಕ್ ಲೈಟ್

ಕೇಳುಗರಿಗೆ ನಮಸ್ಕಾರ.

ಮಳೆಗಾಲದಲ್ಲಿ ಚಾರ್ಮಾಡಿ ಘಾಟಿ ಇಳಿದವರಿಗೆ ಗೊತ್ತು. ಮಂಜು ಕವಿದಾಗ ಮುಂದಿನ ವಾಹನ ಕಾಣುವುದಿಲ್ಲ, ಅದರ ಹಿಂಬದಿಯ ಕೆಂಪು ದೀಪ ಮಾತ್ರ ಕಾಣುತ್ತದೆ. ದೀಪ ಜೋರಾಗಿ ಹೊತ್ತಿತೆಂದರೆ ಅವರು ಬ್ರೇಕ್ ಒತ್ತಿದರು ಎಂದು ನಾವೂ ಒತ್ತುತ್ತೇವೆ. ಆ ದೀಪ ಹೊತ್ತಿಕೊಂಡೇ ಇದ್ದರೆ? ಮೊದಲ ತಿರುವಿನಲ್ಲಿ ಗಾಬರಿಯಾಗುತ್ತದೆ. ಎರಡು ಮೂರು ತಿರುವು ಕಳೆಯುವಷ್ಟರಲ್ಲಿ ಆ ದೀಪವನ್ನು ನಂಬುವುದನ್ನೇ ಬಿಡುತ್ತೇವೆ. ಆಮೇಲೆ ಅವರು ನಿಜವಾಗಿ ಬ್ರೇಕ್ ಹಾಕಿದಾಗ ನಮಗೆ ತಿಳಿಯುವ ದಾರಿಯೇ ಇಲ್ಲ. ಹೊತ್ತದ ಬ್ರೇಕ್ ಲೈಟಿನಷ್ಟೇ ಆರದ ಬ್ರೇಕ್ ಲೈಟೂ ಅಪಾಯ. ಅದಕ್ಕೇ ಇದನ್ನು ಸಣ್ಣ ರಿಪೇರಿ ಎಂದು ಮುಂದೂಡಬೇಡಿ ಎನ್ನುತ್ತೇನೆ.

ಕಷ್ಟವೆಂದರೆ ಓಡಿಸುವವರಿಗೆ ಈ ದೀಪ ಕಾಣುವುದಿಲ್ಲ. ಹೆಚ್ಚಿನವರಿಗೆ ಗೊತ್ತಾಗುವುದು ಬೆಳಿಗ್ಗೆ ಕಾರು ಸ್ಟಾರ್ಟ್ ಆಗದಿದ್ದಾಗಲೇ. ಬಹುತೇಕ ಕಾರುಗಳಲ್ಲಿ ಬ್ರೇಕ್ ಲೈಟಿಗೆ ಬ್ಯಾಟರಿಯಿಂದ ನೇರ ಕರೆಂಟು ಬರುವುದರಿಂದ, ಕೀ ತೆಗೆದರೂ ಅದು ಉರಿಯುತ್ತಿರುತ್ತದೆ. 21 ವ್ಯಾಟಿನ ಎರಡು ಬಲ್ಬುಗಳೇ 12 ವೋಲ್ಟಿನಲ್ಲಿ ಮೂರೂವರೆ ಆಂಪಿಯರ್ ಎಳೆಯುತ್ತವೆ. ಸಣ್ಣ ಕಾರಿನ 35 ಆಂಪಿಯರ್-ಅವರ್ ಬ್ಯಾಟರಿ ಒಂದು ರಾತ್ರಿಗೆ ಮುಗಿಯಿತು. ಕಾರಣ ನೋಡದೆ ಹೊಸ ಬ್ಯಾಟರಿ ಹಾಕಿಸಿದರೆ ಅದೂ ಮರುದಿನ ಮಲಗುತ್ತದೆ.

ಹಾಗಾದರೆ ಎಲ್ಲಿ ನೋಡಬೇಕು? ಮೊದಲು ಕಾಲಡಿಯ ಮ್ಯಾಟ್ ಮೇಲೆ ನೋಡಿ. ಪ್ಲಾಸ್ಟಿಕ್ಕೋ ರಬ್ಬರೋ ಪುಡಿಪುಡಿಯಾಗಿ ಬಿದ್ದಿದ್ದರೆ ಅರ್ಧ ಕೆಲಸ ಆದಂತೆ. ಬ್ರೇಕ್ ಪೆಡಲಿನ ತೋಳಿನ ಮೇಲ್ಭಾಗದಲ್ಲಿ, ಡ್ಯಾಶ್‌ಬೋರ್ಡಿನ ಕೆಳಗೆ, ಒಂದು ಪುಟ್ಟ ಸ್ವಿಚ್ ಇರುತ್ತದೆ. ಅದರ ಕೆಲಸ ಫ್ರಿಜ್ ಬಾಗಿಲಿನ ಗುಂಡಿಯಂತೆಯೇ: ಒತ್ತಿಕೊಂಡಿದ್ದರೆ ದೀಪ ಆರಿರುತ್ತದೆ, ಬಿಟ್ಟರೆ ಹೊತ್ತುತ್ತದೆ. ಪೆಡಲ್ ಒತ್ತದೆ ಮೇಲಕ್ಕೆ ಬಂದು ನಿಂತಿರುವಾಗ ಅದರ ತೋಳು ಈ ಗುಂಡಿಯನ್ನು ಒತ್ತಿ ಹಿಡಿದಿರುತ್ತದೆ. ಹಲವು ಕಾರುಗಳಲ್ಲಿ ಗುಂಡಿ ತಾಗುವ ಜಾಗದಲ್ಲಿ ತೋಳಿಗೆ ತೂತಿದ್ದು, ಅದಕ್ಕೆ ಒಂದು ಬುಷ್, ಅಂದರೆ ಪ್ಲಾಸ್ಟಿಕ್ಕಿನ ಅಥವಾ ರಬ್ಬರಿನ ಪುಟ್ಟ ಬಿರಡೆ, ಕೂರಿಸಿರುತ್ತಾರೆ. ವರ್ಷಾನುಗಟ್ಟಲೆ ಬಿಸಿಲ ಕಾವಿಗೆ ಆ ಬುಷ್ ಗಡುಸಾಗಿ ಒಡೆಯುತ್ತದೆ, ಗುಂಡಿ ತೂತಿನೊಳಗೆ ತೂರಿಕೊಳ್ಳುತ್ತದೆ, ದೀಪ ಹೊತ್ತಿಯೇ ಇರುತ್ತದೆ. ಹೊಸ ಬುಷ್ ಸಿಗುವವರೆಗೆ ತಲೆ ಅಗಲವಿರುವ ಸಣ್ಣ ಬೋಲ್ಟೊಂದನ್ನು ತೂತಿಗೆ ಹಾಕಿ ನಟ್ ಬಿಗಿಯುವ ಮೆಕ್ಯಾನಿಕ್‌ಗಳಿದ್ದಾರೆ. ತಾತ್ಕಾಲಿಕಕ್ಕೆ ಅದು ಸರಿಯೇ. ನಾಣ್ಯ ಇಟ್ಟು ಟೇಪ್ ಸುತ್ತುವುದು ಮಾತ್ರ ಬೇಡ, ಪೆಡಲ್ ಹತ್ತಿರ ಕಳಚಿ ಬೀಳುವಂಥದ್ದು ಏನೂ ಇರಬಾರದು.

ಬುಷ್ ಸರಿಯಿದ್ದರೆ, ಪೆಡಲನ್ನು ಕೈಯಿಂದ ಮೇಲಕ್ಕೆ ಎಳೆದು ನೋಡಿ. ಹಿಂದೆ ಯಾರಾದರೂ ನಿಂತು ದೀಪ ನೋಡುತ್ತಿರಲಿ. ಎಳೆದಾಗ ಆರಿದರೆ ಪೆಡಲ್ ಪೂರ್ತಿ ವಾಪಸ್ ಬರುತ್ತಿಲ್ಲ, ಇಲ್ಲವೇ ಸ್ವಿಚ್ ತನ್ನ ಜಾಗದಿಂದ ಸರಿದಿದೆ. ಆರದಿದ್ದರೆ ಸ್ವಿಚ್ಚಿನ ಗುಂಡಿಯನ್ನೇ ಬೆರಳಿನಿಂದ ಒತ್ತಿ. ಆಗಲೂ ಉರಿಯುತ್ತಿದ್ದರೆ ಅದರ ಕಪ್ಲರ್, ಅಂದರೆ ವೈರುಗಳನ್ನು ಸ್ವಿಚ್ಚಿಗೆ ಸೇರಿಸುವ ಪ್ಲಗ್, ಬಿಚ್ಚಿ. ಸಾದಾ ವೈರಿಂಗಿನ ಕಾರಾದರೆ, ಬಿಚ್ಚಿದೊಡನೆ ದೀಪ ಆರಿದರೆ ಸ್ವಿಚ್ ಕೆಟ್ಟಿದೆ. ಬಿಚ್ಚಿದರೂ ಉರಿದರೆ ಎಲ್ಲೋ ವೈರ್ ಶಾರ್ಟ್ ಆಗಿದೆ, ಅದು ಆಟೋ ಎಲೆಕ್ಟ್ರಿಷಿಯನ್ ಕೆಲಸ.

ಹೆಡ್‌ಲೈಟ್ ಹಾಕಿದಾಗ ಮಾತ್ರ ಬ್ರೇಕ್ ಲೈಟ್ ಮಿಣುಕಿದರೆ ಪೆಡಲಿನ ತಂಟೆಗೆ ಹೋಗಬೇಡಿ. ಹಿಂದಿನ ಲ್ಯಾಂಪಿನ ಅರ್ಥಿಂಗ್ ತುಕ್ಕು ಹಿಡಿದಿರಬಹುದು, ಅಥವಾ ಎರಡು ಫಿಲಮೆಂಟಿನ ಬಲ್ಬಿರಬೇಕಾದ ಕಡೆ ಯಾರೋ ಬೇರೆ ಬಲ್ಬು ಹಾಕಿರಬಹುದು.

ಆಟೋಮ್ಯಾಟಿಕ್ ಗೇರಿನವರು ಇನ್ನೊಂದು ಮಾತು ಕೇಳಬೇಕು. ಬ್ರೇಕ್ ಒತ್ತದೆ ಗೇರು ಪಾರ್ಕಿನಿಂದ ಹೊರಬರಬಾರದು ಎಂಬ ಕಾವಲೂ ಹೆಚ್ಚಾಗಿ ಇದೇ ಸ್ವಿಚ್ಚಿನದು. ಅದು ಸದಾ ಬ್ರೇಕ್ ಒತ್ತಿದಂತೆ ಹೇಳುತ್ತಿದ್ದರೆ ಆ ಕಾವಲು ಹೋಯಿತು. ಮನೆಯಲ್ಲಿ ಮಕ್ಕಳಿದ್ದರೆ ಕೀ ಕಾರಿನಲ್ಲಿ ಬಿಡಬೇಡಿ, ರಿಪೇರಿ ಅಂದೇ ಮಾಡಿಸಿ.

ಬೈಕಿನವರಿಗೂ ಇದು ಹೊಸದಲ್ಲ. ಹಿಂದಿನ ಬ್ರೇಕ್ ಸ್ವಿಚ್ಚಿಗೆ ಒಂದು ಸಣ್ಣ ಸ್ಪ್ರಿಂಗ್ ಕಟ್ಟಿರುತ್ತದೆ. ಬ್ರೇಕ್ ಪೆಡಲನ್ನು ತಗ್ಗಿಸಿ ಕೂರಿಸಿದಾಗ ಸ್ವಿಚ್ಚಿನ ನಟ್ ಹೊಂದಿಸದಿದ್ದರೆ ದೀಪ ಉರಿದೇ ಇರುತ್ತದೆ. ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಓಡಿಸುವವರ ದೀಪವೂ ಅಷ್ಟೇ.

ಕಾರಿನ ಸ್ವಿಚ್ ಹೊಂದಿಸುವಾಗ ಅದನ್ನು ಪೆಡಲಿನ ಕಡೆಗೆ ಅತಿಯಾಗಿ ತಿರುಗಿಸಬಾರದು. ಸ್ವಿಚ್ಚೇ ಪೆಡಲನ್ನು ಕೆಳಕ್ಕೆ ತಳ್ಳಿ ಹಿಡಿದರೆ ಬ್ರೇಕ್ ಪೂರ್ತಿ ಬಿಡದೆ ಚಕ್ರ ಕಾಯುತ್ತದೆ. ಸ್ವಿಚ್ಚನ್ನು ಅಲುಗದಂತೆ ಹಿಡಿಯುವ ಲಾಕ್ ನಟ್ ಬಿಗಿದ ಮೇಲೆ ಒಂದೆರಡು ಕಿಲೋಮೀಟರು ಓಡಿಸಿ ಚಕ್ರದ ಹತ್ತಿರ ಕೈ ಹಿಡಿಯಿರಿ, ಮುಟ್ಟಬೇಡಿ. ಕಾವು ಜೋರಾಗಿದ್ದರೆ ಸ್ವಿಚ್ಚನ್ನು ತುಸು ಹಿಂದಕ್ಕೆ ತಿರುಗಿಸಬೇಕು.

ರಾತ್ರಿಯಾಗಿ ಗ್ಯಾರೇಜ್ ಮುಚ್ಚಿದ್ದರೆ ಬ್ರೇಕ್ ಲೈಟಿನ ಫ್ಯೂಸ್ ತೆಗೆದಿಡಿ, ಬ್ಯಾಟರಿ ಉಳಿಯುತ್ತದೆ. ಕೆಲವು ಕಾರುಗಳಲ್ಲಿ ಹಾರ್ನಿಗೂ ಅದೇ ಫ್ಯೂಸ್. ಬೆಳಿಗ್ಗೆ ಹೊರಡುವ ಮೊದಲು ಅದನ್ನು ಮತ್ತೆ ಹಾಕಿಯೇ ಗ್ಯಾರೇಜಿಗೆ ಹೋಗಿ. ಗೋಡೆಗೆ ಬೆನ್ನು ಮಾಡಿ ಕಾರು ನಿಲ್ಲಿಸುವ ಅಭ್ಯಾಸವಿದ್ದರೆ ಕತ್ತಲಲ್ಲಿ ಕನ್ನಡಿಯಲ್ಲೇ ಕೆಂಪು ಬೆಳಕು ಕಾಣುತ್ತದೆ. ಇಲ್ಲದವರು ಪೆಟ್ರೋಲ್ ಬಂಕಿನಲ್ಲಿ ಇಳಿದಾಗ ಒಮ್ಮೆ ಹಿಂದೆ ಹೋಗಿ ನೋಡಿ ಬನ್ನಿ.

ನಮಸ್ಕಾರ.