ಹತ್ತನೆಯವರಿಗಾಗಿ ಕಾಯುವ ಊರು

ಎಲ್ಲರಿಗೂ ನಮಸ್ಕಾರ.

ಕಡಲೆಕಾಯಿ ಪರಿಷೆ ನಡೆಯುವ ಬಸವನಗುಡಿಯಲ್ಲಿ ನಿಂತು ಇನ್ನೊಂದು ಕಡಲೆಕಾಯಿ ಊರಿನ ಕಥೆ ಹೇಳಲು ಬಂದಿದ್ದೇನೆ. ಅಮೆರಿಕದ ಅಲಬಾಮಾ ರಾಜ್ಯದ ಆಗ್ನೇಯ ಮೂಲೆಯಲ್ಲಿ ಡೋಥನ್ ಎಂಬ ನಗರವಿದೆ. 2020ರ ಜನಗಣತಿಯ ಪ್ರಕಾರ ಸುಮಾರು 71 ಸಾವಿರ ಜನ. ಜಗತ್ತಿನ ಕಡಲೆಕಾಯಿ ರಾಜಧಾನಿ ಎಂದು ತನಗೆ ತಾನೇ ಬಿರುದು ಕೊಟ್ಟುಕೊಂಡಿದೆ. 1938ರಲ್ಲಿ ಆರಂಭವಾದ ಕಡಲೆಕಾಯಿ ಉತ್ಸವ ಈಗಲೂ ನಡೆಯುತ್ತದೆ. ಹೆಸರು ಬೈಬಲಿನದು. ಆದಿಕಾಂಡದಲ್ಲಿ ಯೋಸೇಫನನ್ನು ಅವನ ಅಣ್ಣಂದಿರು ಗುಂಡಿಗೆ ತಳ್ಳಿ, ಆಮೇಲೆ ವ್ಯಾಪಾರಿಗಳಿಗೆ ಮಾರುತ್ತಾರಲ್ಲ, ಆ ಜಾಗವೇ ದೋತಾನ್. ಹೊಸಬರನ್ನು ಕರೆಯುವ ಊರಿಗೆ ಅಷ್ಟೇನೂ ಶುಭವಾದ ಹೆಸರಲ್ಲ.

ಆದರೆ ಊರು ಕರೆದದ್ದಂತೂ ನಿಜ. 2008ರಲ್ಲಿ ಅಲ್ಲಿನ ಉದ್ಯಮಿ ಲ್ಯಾರಿ ಬ್ಲೂಂಬರ್ಗ್ ಒಂದು ಯೋಜನೆಯನ್ನು ಘೋಷಿಸಿದರು. ಡೋಥನ್ನಿಗೆ ಬಂದು ನೆಲೆಸುವ ಯಹೂದಿ ಕುಟುಂಬಕ್ಕೆ 50 ಸಾವಿರ ಡಾಲರ್‌ವರೆಗೆ ನೆರವು. ಅಂದಿನ ವಿನಿಮಯದಲ್ಲಿ ಇಪ್ಪತ್ತು ಲಕ್ಷ ರೂಪಾಯಿಗೂ ಮಿಕ್ಕು. ಐದು ವರ್ಷವಾದರೂ ಅಲ್ಲಿರಬೇಕು, ಟೆಂಪಲ್ ಎಮಾನ್ಯುಯೆಲ್ ಎಂಬ ಸಿನಗಾಗಿನ, ಅಂದರೆ ಯಹೂದಿ ಪ್ರಾರ್ಥನಾಮಂದಿರದ, ಕೆಲಸಗಳಲ್ಲಿ ತೊಡಗಿಕೊಳ್ಳಬೇಕು ಎನ್ನುವುದು ಷರತ್ತು. ಪತ್ರಿಕೆಗಳಿಗೆ ಇದು ಹಬ್ಬ. ‘ಯಹೂದಿಗಳು ಬೇಕಾಗಿದ್ದಾರೆ’ ಎಂಬ ಧಾಟಿಯಲ್ಲಿ ಬರೆದು ನಕ್ಕರು. ನನಗೆ ನಗು ಬರಲಿಲ್ಲ. ಒಂದು ಪ್ರಾರ್ಥನಾಮಂದಿರ ಜನರಿಗೆ ದುಡ್ಡು ಕೊಟ್ಟು ಬನ್ನಿ ಎನ್ನುವ ಸ್ಥಿತಿಗೆ ಏಕೆ ಬರುತ್ತದೆ ಎಂದು ಯೋಚಿಸುತ್ತ ಹೋದೆ. ಇಂದಿನ ಮಾತು ಅಲ್ಲಿಂದ ಹುಟ್ಟಿದ್ದು.

ಮೊದಲು ಒಂದು ಲೆಕ್ಕ: ಹತ್ತು. ಸಾಮೂಹಿಕ ಪ್ರಾರ್ಥನೆಯ ಮುಖ್ಯ ಭಾಗಗಳನ್ನು ಹೇಳಲು, ಧರ್ಮಗ್ರಂಥವಾದ ಟೋರಾದ ಸುರುಳಿಯನ್ನು ತೆಗೆದು ವಿಧಿಪ್ರಕಾರ ಓದಲು, ಸತ್ತವರಿಗಾಗಿ ಕದ್ದೀಶ್ ಎಂಬ ಪ್ರಾರ್ಥನೆ ಪಠಿಸಲು ಹತ್ತು ಮಂದಿ ವಯಸ್ಕರು ಕೂಡಿರಬೇಕು. ಈ ಹತ್ತರ ಕೂಟಕ್ಕೆ ಮಿನ್ಯಾನ್ ಎನ್ನುತ್ತಾರೆ. ಒಂಬತ್ತು ಮಂದಿ ಮಹಾಪಂಡಿತರಿದ್ದರೂ ಆಗದು. ಹತ್ತು ಮಂದಿ ಸಾಮಾನ್ಯರು ಸಾಕು. ಸಂಪ್ರದಾಯಸ್ಥರು ಗಂಡಸರನ್ನು ಮಾತ್ರ ಎಣಿಸುತ್ತಾರೆ. ಮಧ್ಯಮಮಾರ್ಗದ ಕನ್ಸರ್ವೇಟಿವ್ ಪಂಥ 1973ರಲ್ಲಿ ಹೆಂಗಸರನ್ನೂ ಎಣಿಸಬಹುದು ಎಂದಿತು. ಸುಧಾರಣಾವಾದಿ ರಿಫಾರ್ಮ್ ಪಂಥದವರು ಸಂಖ್ಯೆಯನ್ನು ಬಿಗಿಯಾಗಿ ಹಿಡಿಯುವುದಿಲ್ಲ.

ನ್ಯೂಯಾರ್ಕಿನಲ್ಲಿ ತಂದೆಯನ್ನು ಕಳೆದುಕೊಂಡವನು ಬೆಳಗ್ಗೆ ಕಚೇರಿಗೆ ಹೋಗುವ ದಾರಿಯಲ್ಲಿ ಯಾವುದಾದರೂ ಸಿನಗಾಗಿಗೆ ನುಗ್ಗಿ ಕದ್ದೀಶ್ ಹೇಳಿ ಹೊರಡಬಹುದು. ಪಕ್ಕದಲ್ಲಿ ನಿಂತವನ ಹೆಸರೂ ಅವನಿಗೆ ಬೇಕಿಲ್ಲ. ಸಣ್ಣ ಊರಿನಲ್ಲಿ ಹಾಗಲ್ಲ. ಹಿಂದಿನ ದಿನವೇ ದೂರವಾಣಿ ಕರೆಗಳು ಓಡಾಡುತ್ತವೆ. ‘ನಾಳೆ ಅವರ ತಂದೆಯ ತಿಥಿ, ಎಂಟು ಜನ ಆಗಿದ್ದೇವೆ, ನೀವು ಬರಬೇಕು.’ ಬರುತ್ತೀರಾ ಎಂದು ಕೇಳುವುದಿಲ್ಲ, ಬರಬೇಕು ಎನ್ನುತ್ತಾರೆ. ದೇವರಲ್ಲಿ ನಂಬಿಕೆ ಇಲ್ಲದವನೂ ಕೋಟು ಹಾಕಿಕೊಂಡು ಹೊರಡುತ್ತಾನೆ. ನಂಬಿಕೆ ಅವನ ಸ್ವಂತ ವಿಚಾರ, ಕುರ್ಚಿ ಮಾತ್ರ ಖಾಲಿ ಇರುವಂತಿಲ್ಲ. ಮಹಾನಗರದಲ್ಲಿ ವರ್ಷಗಟ್ಟಲೆ ಸಿನಗಾಗಿನ ಮುಖ ನೋಡದಿದ್ದವರು ಸಣ್ಣ ಊರಿಗೆ ಬಂದ ಎರಡನೆಯ ವರ್ಷಕ್ಕೆ ಅದರ ಖಜಾಂಚಿಯಾಗಿರುತ್ತಾರೆ. ಬೇರೆ ಯಾರೂ ಇರುವುದಿಲ್ಲ, ಅಷ್ಟೆ!

ಯಹೂದಿಗಳೇ ಹೇಳಿಕೊಳ್ಳುವ ಒಂದು ಹಳೆಯ ನಗೆಹನಿ ಇದೆ. ನಿರ್ಜನ ದ್ವೀಪದಲ್ಲಿ ಒಬ್ಬನೇ ಸಿಕ್ಕಿಕೊಂಡಿದ್ದ ಯಹೂದಿ ಎರಡು ಸಿನಗಾಗ್ ಕಟ್ಟಿರುತ್ತಾನೆ. ಎರಡೇಕೆ ಎಂದರೆ, ‘ಇದು ನಾನು ಹೋಗುವುದು, ಅದರ ಹೊಸಿಲನ್ನು ನಾನು ಸತ್ತರೂ ತುಳಿಯುವುದಿಲ್ಲ’ ಎನ್ನುತ್ತಾನೆ. ಸಣ್ಣ ಊರಿಗೆ ಎರಡನೆಯದನ್ನು ಕಟ್ಟುವ ಸಿರಿವಂತಿಕೆ ಇಲ್ಲ. ಜಗಳವಾಡಿದವನ ಪಕ್ಕದಲ್ಲೇ ಮುಂದಿನ ಶುಕ್ರವಾರ ಕೂರಬೇಕು. ಒಬ್ಬರಿಗೆ ಹೀಬ್ರೂ ಹೆಚ್ಚಾಯಿತು, ಇನ್ನೊಬ್ಬರಿಗೆ ಇಂಗ್ಲಿಷ್ ಹೆಚ್ಚಾಯಿತು. ಒಬ್ಬರಿಗೆ ವಾದ್ಯ ಬೇಕು, ಇನ್ನೊಬ್ಬರಿಗೆ ಶಬ್ಬಾತ್ ದಿನ ವಾದ್ಯವೆಂದರೆ ಮೈ ಉರಿಯುತ್ತದೆ. ಇಂಥ ಜಗಳಗಳು ಅಲ್ಲಿ ಬಗೆಹರಿಯುವುದಿಲ್ಲ, ಹಳತಾಗುತ್ತವೆ.

ಶಬ್ಬಾತ್ ಎಂದೆ. ಶುಕ್ರವಾರ ಸೂರ್ಯ ಮುಳುಗಿದಾಗ ಆರಂಭವಾಗಿ ಶನಿವಾರ ನಕ್ಷತ್ರ ಮೂಡುವವರೆಗಿನ ವಿಶ್ರಾಂತಿ ಅದು. ಸಂಪ್ರದಾಯಸ್ಥರು ಆ ಹೊತ್ತಿನಲ್ಲಿ ವಾಹನ ಹತ್ತುವುದಿಲ್ಲ. ಹಾಗಾಗಿ ಅವರ ಮನೆ ಸಿನಗಾಗಿಗೆ ನಡೆದು ಹೋಗುವಷ್ಟು ಹತ್ತಿರ ಇರಬೇಕು. ಎಲ್ಲಕ್ಕೂ ಕಾರು ಹತ್ತಲೇಬೇಕಾದ ಅಮೆರಿಕದ ಊರುಗಳಲ್ಲಿ ಇದು ಎಷ್ಟು ಕಷ್ಟವೆಂದರೆ, ಕನ್ಸರ್ವೇಟಿವ್ ಪಂಥ 1950ರಲ್ಲಿಯೇ ಸಿನಗಾಗಿಗೆ ಹೋಗುವುದಕ್ಕಾದರೆ ಕಾರು ಓಡಿಸಬಹುದು ಎಂದು ಒಪ್ಪಿಗೆ ಕೊಟ್ಟಿತು. ದಕ್ಷಿಣದ ರಾಜ್ಯಗಳಲ್ಲಿ ಇನ್ನೊಂದು ಎದುರಾಳಿ ಇದೆ: ಫುಟ್‌ಬಾಲ್. ಪ್ರೌಢಶಾಲೆಗಳ ಪಂದ್ಯ ನಡೆಯುವುದು ಶುಕ್ರವಾರ ರಾತ್ರಿ. ಇಡೀ ಊರು ಮೈದಾನದಲ್ಲಿರುವಾಗ ಹದಿನೈದರ ಹುಡುಗನನ್ನು ಮೇಣದಬತ್ತಿಯ ಮುಂದೆ ಕೂರಿಸುವ ತಾಯಿಯ ಪಾಡನ್ನು ಊಹಿಸಿಕೊಳ್ಳಿ.

ಊಟದ ಪಾಡು ಬೇರೆಯೇ. ಆ ಸೀಮೆಯವರು ಪ್ರಾಣ ಬಿಡುವುದು ಹೊಗೆಯಲ್ಲಿ ಬೇಯಿಸಿದ ಹಂದಿಮಾಂಸಕ್ಕೆ, ಕರಿದ ಕ್ಯಾಟ್‌ಫಿಶ್‌ಗೆ, ಸಿಗಡಿಗೆ. ಯಹೂದಿ ಆಹಾರನಿಯಮದಲ್ಲಿ ಮೂರೂ ನಿಷಿದ್ಧ. ನೀರಿನ ಜೀವಿಗೆ ಈಜುರೆಕ್ಕೆ, ಹುರುಪೆ ಎರಡೂ ಇರಬೇಕು. ಕ್ಯಾಟ್‌ಫಿಶ್‌ಗೆ ಹುರುಪೆ ಇಲ್ಲ, ಸಿಗಡಿಗೆ ಎರಡೂ ಇಲ್ಲ. ದಕ್ಷಿಣದ ಅನೇಕ ಯಹೂದಿಗಳು ಈ ನಿಯಮದ ಜೊತೆ ಹಿಂದೆಯೇ ರಾಜಿ ಮಾಡಿಕೊಂಡರು. ಮಾಡಿಕೊಳ್ಳದವರು ಕೋಶರ್, ಅಂದರೆ ನಿಯಮಕ್ಕೆ ಒಪ್ಪುವ, ಮಾಂಸವನ್ನು ದೊಡ್ಡ ನಗರದಿಂದ ತರಿಸಿ ಶೀತಪೆಟ್ಟಿಗೆಯಲ್ಲಿ ತುಂಬಿಟ್ಟುಕೊಳ್ಳಬೇಕು. ಡೋಥನ್ನಿನಿಂದ ಅಟ್ಲಾಂಟಾಕ್ಕೆ ಮುನ್ನೂರು ಕಿಲೋಮೀಟರಿಗೂ ಹೆಚ್ಚು ದೂರ. ಇನ್ನು ಕಡಲೆಕಾಯಿ. ಪೆಸಾಖ್ ಹಬ್ಬದ ಎಂಟು ದಿನ ಯುರೋಪ್ ಮೂಲದ ಯಹೂದಿಗಳು ರೂಢಿಯಂತೆ ಬೇಳೆಕಾಳು ಮುಟ್ಟುವುದಿಲ್ಲ. ಕಡಲೆಕಾಯಿ ಕಾಳೋ ಅಲ್ಲವೋ ಎಂಬುದು ಧರ್ಮಪಂಡಿತರ ನಡುವೆ ಇನ್ನೂ ಮುಗಿಯದ ವಾದ. ಕನ್ಸರ್ವೇಟಿವ್ ಪಂಥದ ಸಮಿತಿ 2015ರಲ್ಲಿ ಈ ನಿರ್ಬಂಧವನ್ನೇ ಸಡಿಲಿಸಿತು. ಆದರೂ ಕೆಲವರು ಮುಟ್ಟುವುದಿಲ್ಲ. ಕಡಲೆಕಾಯಿ ರಾಜಧಾನಿಯಲ್ಲಿ ವರ್ಷಕ್ಕೆ ಎಂಟು ದಿನ ಕಡಲೆಕಾಯಿ ಬಿಟ್ಟವರು ಎಂದರೆ, ಅವರ ಬಗ್ಗೆ ನನಗೆ ವಿಶೇಷ ಗೌರವ.

ಹೊಸದಾಗಿ ಬಂದವರಿಗೆ ನೆರೆಯವರು ಬಿಸಿ ತಿನಿಸು ತಂದುಕೊಟ್ಟು ಕೇಳುವ ಮೊದಲ ಪ್ರಶ್ನೆ, ‘ನೀವು ಯಾವ ಚರ್ಚಿಗೆ ಹೋಗುತ್ತೀರಿ?’ ನಮ್ಮಲ್ಲಿ ‘ನಿಮ್ಮದು ಯಾವ ಊರಾಯಿತು?’ ಎನ್ನುವಂತೆ. ಕೇಳುವವರ ಮನಸ್ಸಿನಲ್ಲಿ ಕೆಡುಕಿಲ್ಲ. ಆದರೆ ಉತ್ತರ ಕೊಟ್ಟ ಕ್ಷಣದಿಂದ ನೀವು ಒಂದು ಇಡೀ ಜನಾಂಗದ ಪ್ರತಿನಿಧಿ. ಮಗಳು ಪ್ರತಿ ಡಿಸೆಂಬರಿನಲ್ಲಿ ತರಗತಿಯ ಮುಂದೆ ನಿಂತು ಹನುಕ್ಕಾ ಹಬ್ಬವನ್ನು ವಿವರಿಸಬೇಕು. ಅವಳಿಗೆ ಬೇಸರ ಬಂದಿದೆ ಎಂದರೆ ಬದಲಿಗೆ ಬೇರೆ ಮಗು ಇಲ್ಲ.

ಈ ಊರುಗಳು ಮೊದಲಿನಿಂದ ಹೀಗೆ ಖಾಲಿ ಇರಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನ್ ಸೀಮೆಗಳಿಂದ, ಆಮೇಲೆ ಪೂರ್ವ ಯುರೋಪಿನಿಂದ ಬಂದವರು ಬೆನ್ನ ಮೇಲೆ ಗಂಟು ಹೊತ್ತು ಹಳ್ಳಿ ಹಳ್ಳಿ ತಿರುಗಿ ಸೂಜಿ, ದಾರ, ಬಟ್ಟೆ ಮಾರಿದರು. ದುಡ್ಡು ಸೇರಿದ ಮೇಲೆ ಪೇಟೆಬೀದಿಯಲ್ಲಿ ಅಂಗಡಿ. 2008ರಲ್ಲಿ ಮುಳುಗಿ ಜಗತ್ತನ್ನೇ ನಡುಗಿಸಿದ ಲೀಮನ್ ಬ್ರದರ್ಸ್ ಕೂಡ ಅಲಬಾಮಾದ ಮಾಂಟ್ಗೊಮರಿಯಲ್ಲಿ ಜವಳಿ-ದಿನಸಿ ಅಂಗಡಿಯಾಗಿಯೇ ಹುಟ್ಟಿದ್ದು. ಹೆನ್ರಿ ಲೀಮನ್ ಅಮೆರಿಕಕ್ಕೆ ಬಂದದ್ದು 1844ರಲ್ಲಿ. ಅಪ್ಪನ ಅಂಗಡಿ ಮಗನನ್ನು ಕಾಲೇಜಿಗೆ ಕಳಿಸಿತು, ಕಾಲೇಜು ಅವನನ್ನು ಅಟ್ಲಾಂಟಾಕ್ಕೆ ಕಳಿಸಿತು. ಹೆದ್ದಾರಿ ಬದಿಯ ಬೃಹತ್ ಮಳಿಗೆಗಳು ಉಳಿದದ್ದನ್ನು ಮುಗಿಸಿದವು. ಸೆಲ್ಮಾ ನಗರದಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಕಟ್ಟಿದ ಮಿಷ್ಕನ್ ಇಸ್ರೇಲ್ ಎಂಬ ಭವ್ಯ ಸಿನಗಾಗ್ ಇದೆ. ಅದರ ಸದಸ್ಯರನ್ನು ಈಗ ಬೆರಳಿನಲ್ಲಿ ಎಣಿಸಬಹುದು.

ಡೋಥನ್ನಿನ ಯೋಜನೆಗೆ ವಿಚಾರಣೆಗಳು ಬಂದವು, ಕೆಲವು ಕುಟುಂಬಗಳೂ ಬಂದವು. ಕೆಲವರು ಉಳಿದರು, ಕೆಲವರು ಹೊರಟುಹೋದರು. ನನ್ನ ಅಭಿಪ್ರಾಯ ಕೇಳಿದರೆ, ದುಡ್ಡು ಮನೆ ಬದಲಿಸುವ ಖರ್ಚನ್ನು ಭರಿಸಬಲ್ಲದು, ಐದನೆಯ ವರ್ಷದ ನಂತರ ಉಳಿಯಲು ಮಗುವಿಗೆ ಒಬ್ಬ ಗೆಳತಿ ಬೇಕು. ಈ ದೃಷ್ಟಿಯಿಂದ ಮಿಸಿಸಿಪಿಯ ಜಾಕ್ಸನ್ ನಗರದಲ್ಲಿ 2000ದಲ್ಲಿ ಆರಂಭವಾದ ದಕ್ಷಿಣದ ಯಹೂದಿ ಬದುಕಿನ ಸಂಸ್ಥೆಯ ದಾರಿ ನನಗೆ ಹೆಚ್ಚು ಹಿಡಿಸುತ್ತದೆ. ಜನರನ್ನು ಕರೆತರುವ ಬದಲು ಅದು ಶಿಕ್ಷಕರನ್ನು, ಊರೂರು ಸುತ್ತುವ ರಬ್ಬಿಯನ್ನು, ಅಂದರೆ ಯಹೂದಿ ಧರ್ಮಗುರುವನ್ನು, ಸಣ್ಣ ಊರುಗಳಿಗೆ ಕಳಿಸುತ್ತದೆ. ಹಳೆಯ ಗಂಟು ಹೊತ್ತವರ ದಾರಿಯಲ್ಲಿಯೇ ಈಗ ಪಾಠದ ಪುಸ್ತಕಗಳು ಓಡಾಡುತ್ತಿವೆ.

ಒಂದು ಕಹಿ ಮಾತನ್ನೂ ಹೇಳಬೇಕು. ಹತ್ತನೆಯವರಿಗಾಗಿ ಕಾಯುವವರ ಬಾಗಿಲು ಅಪರಿಚಿತರಿಗೆ ತೆರೆದೇ ಇರಬೇಕಲ್ಲ? 2018ರ ಅಕ್ಟೋಬರಿನಲ್ಲಿ ಪಿಟ್ಸ್‌ಬರ್ಗಿನ ಸಿನಗಾಗಿನಲ್ಲಿ ಹನ್ನೊಂದು ಮಂದಿಯ ಕೊಲೆಯಾಯಿತು. 2022ರ ಜನವರಿಯ ಒಂದು ಶಬ್ಬಾತ್ ಬೆಳಗ್ಗೆ ಟೆಕ್ಸಸ್‌ನ ಕಾಲಿವಿಲ್ ಎಂಬ ಪುಟ್ಟ ನಗರದಲ್ಲಿ, ಚಳಿಯಲ್ಲಿ ಬಂದ ಅಪರಿಚಿತನನ್ನು ರಬ್ಬಿ ಒಳಗೆ ಕರೆದು ಚಹಾ ಮಾಡಿಕೊಟ್ಟರು. ಅವನು ಬಂದೂಕು ತೆಗೆದು ರಬ್ಬಿಯೂ ಸೇರಿ ನಾಲ್ವರನ್ನು ಒತ್ತೆಯಾಳಾಗಿ ಹಿಡಿದ. ನಾಲ್ವರೂ ಜೀವಸಹಿತ ಹೊರಬಂದರು. ಇಂದು ಬಾಗಿಲಲ್ಲಿ ಕ್ಯಾಮೆರಾ, ಕಾವಲುಗಾರ. ಅದರ ಖರ್ಚು ಐವತ್ತು ಕುಟುಂಬಗಳ ಸಿನಗಾಗಿಗೂ ಐನೂರು ಕುಟುಂಬಗಳದ್ದಕ್ಕೂ ಹೆಚ್ಚು ಕಡಿಮೆ ಒಂದೇ.

ಹೊಸ ಊರಿನಲ್ಲಿ ನೆಲೆಯೂರಿದ ಯಹೂದಿಗಳು ಎಷ್ಟೋ ಕಡೆ ಮೊದಲು ಕೊಂಡದ್ದು ಸ್ಮಶಾನದ ಜಾಗವನ್ನು, ಸಿನಗಾಗ್ ಆಮೇಲೆ. ಪ್ರಾರ್ಥನೆಗೆ ಯಾರದೋ ಅಂಗಡಿಯ ಮಹಡಿ ಸಾಕು, ಸಾವು ಕಾಯುವುದಿಲ್ಲ. ಇದಕ್ಕೆ ಸಾಕ್ಷಿ ನೋಡಲು ನೀವು ಅಲಬಾಮಾಕ್ಕೆ ಹೋಗಬೇಕಿಲ್ಲ. ನಮ್ಮ ಬೆಂಗಳೂರಿನಲ್ಲಿಯೇ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1904ರಲ್ಲಿ, ಆರಂಭವಾದ ಪುಟ್ಟ ಯಹೂದಿ ಸ್ಮಶಾನವಿದೆ. ಕಮರ್ಷಿಯಲ್ ಸ್ಟ್ರೀಟಿನಲ್ಲಿ ಹೆಸರಾಂತ ಪಾದರಕ್ಷೆಯ ಅಂಗಡಿ ನಡೆಸುತ್ತಿದ್ದ ಮೋಸೆಸ್ ಕುಟುಂಬವನ್ನು ಹಳಬರು ನೆನೆಸಿಕೊಳ್ಳಬಹುದು.

ಕುಗ್ಗುತ್ತಿರುವ ಸಮುದಾಯಗಳು ಈಗ ವಕೀಲರನ್ನು ಕೂರಿಸಿಕೊಂಡು ಕಾಗದ ಬರೆಸುತ್ತಿವೆ. ಟೋರಾ ಸುರುಳಿಗಳು ಯಾವ ಊರಿಗೆ ಹೋಗಬೇಕು, ಕಟ್ಟಡ ಮಾರಿದ ದುಡ್ಡನ್ನು ಎಲ್ಲಿಡಬೇಕು, ಕೊನೆಯ ಸದಸ್ಯ ತೀರಿಕೊಂಡ ಮೇಲೆ ಸಮಾಧಿಗಳ ನಡುವಿನ ಹುಲ್ಲನ್ನು ಯಾರು ಕತ್ತರಿಸಬೇಕು. ಅಂಥ ಸಭೆಗೂ ಹಿಂದಿನ ದಿನ ಕರೆ ಬರುತ್ತದೆ: ನೀವು ಬರಬೇಕು.

ಇನ್ನು ನಿಮ್ಮ ಪ್ರಶ್ನೆಗಳು.