ಹಳೆಯ ಕಂಪ್ಯೂಟರಿಗೆ ಹೊಸ ಆಪರೇಟಿಂಗ್ ಸಿಸ್ಟಮ್: ಮುಟ್ಟುವ ಮೊದಲು ಒಂದು ಪ್ರತಿ

ಕೇಳುಗರೆಲ್ಲರಿಗೂ ನಮಸ್ಕಾರ.

ನಿಮ್ಮ ಮನೆಯಲ್ಲಿ ಎಂಟು ಹತ್ತು ವರ್ಷದ ಕಂಪ್ಯೂಟರ್ ಒಂದಿದೆ. ಗುಂಡಿ ಒತ್ತಿ ಅದು ತೆರೆದುಕೊಳ್ಳುವಷ್ಟರಲ್ಲಿ ಒಂದು ಲೋಟ ಕಾಫಿ ಕುಡಿದು ಮುಗಿಯುತ್ತದೆ. ಈಚೆಗೆ ಪರದೆಯ ಮೇಲೆ ‘ನಿಮ್ಮ ವಿಂಡೋಸಿಗೆ ಬೆಂಬಲ ಮುಗಿದಿದೆ’ ಎಂಬ ಅರ್ಥದ ಸೂಚನೆಯೂ ಕಾಣಿಸಿಕೊಳ್ಳುತ್ತಿದೆ. ಇಂಥ ಕಂಪ್ಯೂಟರ್ ಇರುವ ನಿವೃತ್ತ ಶಿಕ್ಷಕರು, ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವವರು, ಅಕ್ಕನ ಹಳೆಯ ಲ್ಯಾಪ್‌ಟಾಪಿನಲ್ಲಿ ಪಿಯುಸಿ ಓದುತ್ತಿರುವ ಮಕ್ಕಳು ನನ್ನೆದುರಿಗೆ ಕುಳಿತಿದ್ದಾರೆಂದು ಭಾವಿಸಿಕೊಂಡು ನಾನು ಮಾತನಾಡುತ್ತೇನೆ. ಪಾಲಿಟೆಕ್ನಿಕ್ಕೊಂದರ ಕಂಪ್ಯೂಟರ್ ಪ್ರಯೋಗಾಲಯವನ್ನು ಇಪ್ಪತ್ತೆರಡು ವರ್ಷ ನೋಡಿಕೊಂಡ ನನಗೆ ಈ ವಿಷಯದಲ್ಲಿ ಹೇಳಬೇಕೆನಿಸುವುದು ಒಂದೇ ಮಾತು: ಆಪರೇಟಿಂಗ್ ಸಿಸ್ಟಮ್ಮನ್ನು ಮುಟ್ಟುವ ಮೊದಲು ನಿಮ್ಮ ಕಡತಗಳ ಪ್ರತಿಯೊಂದನ್ನು ಬೇರೆ ಡಿಸ್ಕಿಗೆ ತೆಗೆದಿಟ್ಟುಕೊಳ್ಳಿ. ಇದನ್ನೇ ಇನ್ನೂ ನಾಲ್ಕಾರು ಸಲ ಹೇಳುತ್ತೇನೆ, ಬೇಸರಿಸಬೇಡಿ.

ಆಪರೇಟಿಂಗ್ ಸಿಸ್ಟಮ್ ಎಂದರೆ ಮದುವೆಮನೆಯ ಉಗ್ರಾಣಿ ಎಂದು ತಿಳಿದುಕೊಳ್ಳಿ. ಅಕ್ಕಿಯ ಮೂಟೆ ಯಾವ ಮೂಲೆಯಲ್ಲಿದೆ, ಬೆಲ್ಲ ಯಾವ ಡಬ್ಬದಲ್ಲಿದೆ, ಅಡುಗೆಯವರು ಕೇಳಿದಾಗ ಯಾರಿಗೆ ಎಷ್ಟು ಕೊಡಬೇಕು ಎಂಬ ಪಟ್ಟಿ ಇರುವುದು ಅವನ ಕೈಯಲ್ಲಿ. ನೀವು ಬರೆದ ಪತ್ರ, ಮಗಳ ಮದುವೆಯ ಫೋಟೋ, ತೋಟದ ಲೆಕ್ಕ ಎಲ್ಲವೂ ಡಿಸ್ಕಿನಲ್ಲಿ ಎಲ್ಲಿವೆ ಎಂಬುದು ಆಪರೇಟಿಂಗ್ ಸಿಸ್ಟಮ್ಮಿಗೆ ಮಾತ್ರ ಗೊತ್ತು. ಉಗ್ರಾಣಿಯನ್ನು ಬದಲಾಯಿಸುವಾಗ ಹಳೆಯ ಪಟ್ಟಿಯನ್ನು ಹರಿದು ಹಾಕಿ ಹೊಸಬನಿಗೆ ಖಾಲಿ ಕೋಣೆಯನ್ನು ಒಪ್ಪಿಸುವುದನ್ನೇ ನಮ್ಮ ಅಂಗಡಿಗಳಲ್ಲಿ ‘ಫಾರ್ಮ್ಯಾಟ್ ಹೊಡೆಯುವುದು’ ಎನ್ನುತ್ತಾರೆ. ಮೂಟೆಗಳು ಒಂದಷ್ಟು ಹೊತ್ತು ಅಲ್ಲೇ ಇರುತ್ತವೆ, ಆದರೆ ಅವು ಯಾರ ಲೆಕ್ಕಕ್ಕೂ ಸೇರಿರುವುದಿಲ್ಲ. ಹೊಸ ಸಾಮಾನು ಬಂದಂತೆ ಅವುಗಳ ಜಾಗ ಹೋಗುತ್ತದೆ.

ಹಾಗಾದರೆ ಬದಲಾಯಿಸುವುದೇಕೆ, ಇದ್ದದ್ದೇ ಇರಲಿ ಎನ್ನುವವರು ಇದ್ದಾರೆ. ವಿಂಡೋಸ್ 10 ಎಂಬ ಆಪರೇಟಿಂಗ್ ಸಿಸ್ಟಮ್ ಬಂದದ್ದು 2015ರ ಜುಲೈ 29ರಂದು. ಹತ್ತು ವರ್ಷ ತುಂಬಿದ ಮೇಲೆ, 2025ರ ಅಕ್ಟೋಬರ್ 14ಕ್ಕೆ, ಮೈಕ್ರೋಸಾಫ್ಟ್ ಅದಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಕಂಪ್ಯೂಟರ್ ಮರುದಿನವೂ ಎಂದಿನಂತೆ ಹೊತ್ತಿಕೊಂಡಿತು, ನಿಜ. ನಿಂತದ್ದು ಕಳ್ಳಗಂಡಿಗಳನ್ನು ಮುಚ್ಚುವ ಕೆಲಸ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಹುಳು, ಅಂದರೆ ತಾನಾಗಿಯೇ ಹರಡುವ ಕೇಡಿನ ತಂತ್ರಾಂಶ, ನೂರೈವತ್ತು ದೇಶಗಳ ಕಂಪ್ಯೂಟರುಗಳಿಗೆ ನುಗ್ಗಿ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳು ರೋಗಿಗಳನ್ನು ಹಿಂದಕ್ಕೆ ಕಳುಹಿಸಬೇಕಾಯಿತು. ಅದು ನುಗ್ಗಿದ ಗಂಡಿಯನ್ನು ಮುಚ್ಚುವ ತೇಪೆ ಎರಡು ತಿಂಗಳ ಹಿಂದೆ, ಮಾರ್ಚ್ ತಿಂಗಳಲ್ಲೇ, ಬಂದಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಬೆಂಬಲ ಮುಗಿದ ವ್ಯವಸ್ಥೆಗೆ ಸಾಮಾನ್ಯವಾಗಿ ತೇಪೆಯೇ ಬರುವುದಿಲ್ಲ ಎಂದಮೇಲೆ, ಅದರಲ್ಲಿ ಬ್ಯಾಂಕಿನ ವ್ಯವಹಾರ ಮಾಡುತ್ತಾ ಕುಳಿತವರಿಗೆ ನಾನು ಏನು ಹೇಳಲಿ? ಹೀಗೆ ಬೀಗ ಬಿದ್ದಾಗಲೂ ಹಣ ಕೊಡದೆ ಪಾರಾದವರು ಬೇರೆ ಡಿಸ್ಕಿನಲ್ಲಿ ಪ್ರತಿ ಇಟ್ಟುಕೊಂಡಿದ್ದವರು.

ಇಲ್ಲಿ ನನ್ನ ಸೋದರಮಾವನ ಕಥೆಯನ್ನು ಹೇಳಲೇಬೇಕು. ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಅವರ ಮನೆ. ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತರಾದವರು. ಕೆಲಸ ಬಿಟ್ಟ ಮೇಲೆ ಸುಮ್ಮನೆ ಕೂರಲಾರದೆ ಅಡಿಕೆ ಕೃಷಿಯ ಮಾತುಗಳ ಪದಕೋಶವೊಂದನ್ನು ಮಾಡಲು ತೊಡಗಿದರು. ಕೊನೆಗೌಡ ಮರದ ಮೇಲಿನಿಂದ ಕೂಗುವ ಮಾತು, ಸುಲಿಯುವ ಹೆಂಗಸರು ತಮ್ಮೊಳಗೆ ಆಡುವ ಮಾತು, ಬೇಯಿಸುವಾಗಿನ ಚೊಗರು, ಹಾಳೆ, ಮಂಡಿಯಲ್ಲಿ ವಿಂಗಡಿಸುವ ಸರಕು, ಬೆಟ್ಟೆ, ರಾಶಿ, ಗೊರಬಲು ಹೀಗೆ ಒಂದೊಂದು ಪದಕ್ಕೂ ಅರ್ಥ, ಬಳಕೆ, ಹೇಳಿದವರ ಊರು ಎಲ್ಲವನ್ನೂ ಸೇರಿಸಿ, ನುಡಿ ತಂತ್ರಾಂಶದಲ್ಲಿ ಎರಡು ಬೆರಳಿನಲ್ಲಿ ಕುಟ್ಟುತ್ತಾ, ಮೂರು ವರ್ಷದಲ್ಲಿ ಸಾವಿರದ ಎಂಟುನೂರು ಪದಗಳನ್ನು ದಾಟಿದ್ದರು. ಕಂಪ್ಯೂಟರ್ 2011ರದ್ದು, ಅದರಲ್ಲಿದ್ದದ್ದು ವಿಂಡೋಸ್ 7. ಆ ವಿಂಡೋಸಿನ ಬೆಂಬಲ 2020ರ ಜನವರಿ 14ಕ್ಕೆ ಮುಗಿಯಿತು ಎಂದು ಪತ್ರಿಕೆಯಲ್ಲಿ ಓದಿದ ಮಾವ, ಶಿಸ್ತಿನ ಮನುಷ್ಯರಾದ್ದರಿಂದ, ಫೆಬ್ರವರಿಯ ಒಂದು ಸೋಮವಾರ ಪೆಟ್ಟಿಗೆಯನ್ನು ಪಕ್ಕದ ಮನೆಯವರ ಓಮ್ನಿಯಲ್ಲಿ ಇರಿಸಿಕೊಂಡು ಪೇಟೆಯ ಅಂಗಡಿಗೆ ಹೋದರು.

ಅಂಗಡಿಯ ಹುಡುಗ ಒಳ್ಳೆಯವನೇ. ಕಂಪ್ಯೂಟರಿನ ಡಿಸ್ಕನ್ನು ಸಿ, ಡಿ ಎಂದು ಕೋಣೆಗಳಾಗಿ ಭಾಗ ಮಾಡಿರುತ್ತಾರೆ; ವಿಂಡೋಸ್ ಇರುವುದು, ಫಾರ್ಮ್ಯಾಟ್ ಹೊಡೆದಾಗ ಅಳಿಯುವುದು ಸಿ. ಹಾಗಾಗಿ ಅವನು ಕೇಳಬೇಕಾದ್ದನ್ನು ಕೇಳಿದ: ‘ಸರ್, ಸಿ ಡ್ರೈವ್‌ನಲ್ಲಿ ಇಂಪಾರ್ಟೆಂಟ್ ಏನಾದರೂ ಇದೆಯಾ?’ ಮಾವ ಹೇಳಿದರು: ‘ಸಿ ಡ್ರೈವಿನ ವಿಷಯ ನನಗೆ ಗೊತ್ತಿಲ್ಲಪ್ಪ, ನನ್ನದೆಲ್ಲ ಡೆಸ್ಕ್‌ಟಾಪ್‌ನಲ್ಲಿ ಇದೆ.’ ಮಾವನ ಪಾಲಿಗೆ ಡೆಸ್ಕ್‌ಟಾಪ್ ಎಂದರೆ ಪರದೆ ಹೊತ್ತಿದೊಡನೆ ಕಾಣುವ ಜಾಗ, ಅಲ್ಲಿ ಹಳದಿ ಬಣ್ಣದ ಫೋಲ್ಡರಿನಲ್ಲಿ ಪದಕೋಶವಿತ್ತು. ಹುಡುಗನ ಪಾಲಿಗೆ ಡೆಸ್ಕ್‌ಟಾಪ್ ಎಂದರೆ ತನ್ನ ಮುಂದೆ ಮೇಜಿನ ಮೇಲಿದ್ದ ಪೆಟ್ಟಿಗೆ. ಲ್ಯಾಪ್‌ಟಾಪಿನಲ್ಲಿ ಅಲ್ಲ, ಡೆಸ್ಕ್‌ಟಾಪಿನಲ್ಲಿ ಇದೆ ಎಂದರೆ ಅವನಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ‘ಡಿ ಡ್ರೈವ್ ಮುಟ್ಟೋದಿಲ್ಲ ಸರ್’ ಎಂದು ಭರವಸೆ ಕೊಟ್ಟ; ಮುಟ್ಟಲೂ ಇಲ್ಲ. ಆದರೆ ಪರದೆಯ ಮೇಲೆ ಕಾಣುವ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್ ಇವೆಲ್ಲ ಇರುವುದು ಸಿ ಡ್ರೈವಿನಲ್ಲೇ, ಅದರೊಳಗಿನ ಯೂಸರ್ಸ್ ಎಂಬ ಫೋಲ್ಡರಿನಲ್ಲಿ. ಡಿ ಡ್ರೈವಿನಲ್ಲಿದ್ದದ್ದು ಯಾರೋ ಹಾಕಿಕೊಟ್ಟಿದ್ದ ದಾಸರ ಪದಗಳು ಮಾತ್ರ. ಅವು ಸುರಕ್ಷಿತವಾಗಿದ್ದವು.

ಆ ಸಂಜೆ ಮಾವ ನನಗೆ ಫೋನ್ ಮಾಡಿ, ‘ಕಂಪ್ಯೂಟರ್ ಭಾರೀ ಚುರುಕಾಗಿದೆ ಮಾರಾಯ, ಆದ್ರೆ ನನ್ನ ಕೋಶ ಎಲ್ಲಿಟ್ಟಿದಾನೆ ಅಂತ ಗೊತ್ತಾಗ್ತಾ ಇಲ್ಲ’ ಎಂದರು. ನನಗೆ ಕೂಡಲೇ ಗೊತ್ತಾಯಿತು, ಹೇಳಲು ಬಾಯಿ ಬರಲಿಲ್ಲ. ‘ಅದನ್ನು ಆರಿಸಿಬಿಡಿ, ನಾನು ಬರುವವರೆಗೂ ಹೊತ್ತಿಸಬೇಡಿ’ ಎಂದಷ್ಟೇ ಹೇಳಿ, ಬೆಳಗಿನ ಮೊದಲ ಬಸ್ಸಿಗೆ ಹೊರಟೆ. ಎರಡು ದಿನ ಅಲ್ಲೇ ಕುಳಿತು ಕಡತ ಮರಳಿ ಪಡೆಯುವ ತಂತ್ರಾಂಶಗಳನ್ನು ಓಡಿಸಿದೆ. ಹೆಸರು ಕಳೆದುಕೊಂಡು ಬರೀ ಅಂಕಿಗಳಾಗಿದ್ದ ನೂರಾರು ಚೂರುಗಳು ಸಿಕ್ಕವು, ಹಲವು ತೆರೆಯಲಿಲ್ಲ, ತೆರೆದವುಗಳಲ್ಲಿ ಅರ್ಧಕ್ಕೆ ನಿಂತ ಪುಟಗಳು. ಹೊಸ ವಿಂಡೋಸ್ ಆಗಲೇ ಹಳೆಯ ಮೂಟೆಗಳ ಜಾಗದಲ್ಲಿ ತನ್ನ ಸಾಮಾನು ಇಳಿಸಿಯಾಗಿತ್ತು. ಅತ್ತೆ ಎರಡು ಹೊತ್ತು ಊಟ ಬಡಿಸಿದರು, ಯಾರೂ ಮಾತನಾಡಲಿಲ್ಲ. ಮೂರನೆಯ ದಿನ ಮಾವನಿಗೆ ನೆನಪಾಯಿತು: ಪುಸ್ತಕ ಹೇಗೆ ಕಂಡೀತು ಎಂದು ನೋಡಲು ಮೊದಲ ಅರವತ್ತು ಪುಟಗಳನ್ನು ಶಿವಮೊಗ್ಗದ ಡಿಟಿಪಿ ಅಂಗಡಿಯೊಂದಕ್ಕೆ ಕಳುಹಿಸಿದ್ದರು. ಹೋಗಿ ನೋಡಿದರೆ ಆ ಅರವತ್ತು ಪುಟಗಳು ಅಂಗಡಿಯವರ ಹಳೆಯ ಕಂಪ್ಯೂಟರಿನಲ್ಲಿ ಹಾಗೆಯೇ ಇದ್ದವು. ಸಾವಿರದ ಎಂಟುನೂರು ಪದಗಳಲ್ಲಿ ಉಳಿದದ್ದು ‘ಅ’ದಿಂದ ‘ಕ’ದ ನಡುವಿನವರೆಗೆ. ತಪ್ಪು ಹುಡುಗನದ್ದೋ ಮಾವನದ್ದೋ ಎಂದು ಊರಿನವರು ಇಂದಿಗೂ ವಾದಿಸುತ್ತಾರೆ. ಐನೂರು ರೂಪಾಯಿಯ ಪೆನ್‌ಡ್ರೈವಿನಲ್ಲಿ ಒಂದು ಪ್ರತಿ ಇದ್ದಿದ್ದರೆ ವಾದಕ್ಕೆ ವಿಷಯವೇ ಇರುತ್ತಿರಲಿಲ್ಲ.

ನನಗೆ ಕೊಟ್ಟ ಸಮಯದಲ್ಲಿ ಮಾವನೇ ಹೆಚ್ಚಿನ ಪಾಲು ತೆಗೆದುಕೊಂಡರು, ಉಳಿದದ್ದನ್ನು ಬೇಗ ಹೇಳುತ್ತೇನೆ. ಪ್ರತಿ ತೆಗೆಯುವುದೆಂದರೆ ಸಿ ಡ್ರೈವಿನಿಂದ ಡಿ ಡ್ರೈವಿಗೆ ಹಾಕುವುದಲ್ಲ. ಸಾಮಾನ್ಯವಾಗಿ ಅವೆರಡೂ ಒಂದೇ ಡಿಸ್ಕಿನ ಎರಡು ಕೋಣೆಗಳು; ಡಿಸ್ಕ್ ಕೆಟ್ಟರೆ ಎರಡೂ ಹೋಗುತ್ತವೆ. ಹೊರಗಿನಿಂದ ಸಿಕ್ಕಿಸುವ ಹಾರ್ಡ್‌ಡಿಸ್ಕಿಗೋ ಪೆನ್‌ಡ್ರೈವಿಗೋ ಯೂಸರ್ಸ್ ಫೋಲ್ಡರಿನಲ್ಲಿರುವ ನಿಮ್ಮ ಹೆಸರಿನ ಫೋಲ್ಡರನ್ನು ಇಡಿಯಾಗಿ ಹಾಕಿಕೊಳ್ಳಿ, ಅದನ್ನು ಕಳಚಿ ಬೇರೊಂದು ಕಂಪ್ಯೂಟರಿಗೆ ಸಿಕ್ಕಿಸಿ ಎರಡು ಮೂರು ಕಡತಗಳನ್ನು ತೆರೆದು ನೋಡಿ. ತೆರೆದು ನೋಡದ ಪ್ರತಿಯನ್ನು ನಾನು ಪ್ರತಿ ಎಂದು ಒಪ್ಪುವುದಿಲ್ಲ. ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಮಾತು: ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ, ಅಂದರೆ ಯೂನಿಕೋಡ್ (ಎಲ್ಲ ಕಂಪ್ಯೂಟರುಗಳಿಗೂ ತಿಳಿಯುವ ಅಕ್ಷರ ಸಂಕೇತ) ಅಲ್ಲದ ಫಾಂಟುಗಳಲ್ಲಿ, ಬರೆದ ಕಡತಗಳು ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಕನ್ನಡವಾಗಿ ಕಾಣದೆ, ಕೊಂಬು ಕೋಡು ಹೊತ್ತ ಇಂಗ್ಲಿಷ್ ಅಕ್ಷರಗಳ ಸಂತೆಯಾಗಿ ಕಾಣುತ್ತವೆ. ಕಡತ ಹಾಳಾಯಿತೆಂದು ತಿಳಿದು ಅಳಿಸಿ ಹಾಕಿದವರನ್ನು ನಾನು ಬಲ್ಲೆ. ಆ ಫಾಂಟುಗಳಿರುವುದು ಸಿ ಡ್ರೈವಿನ ವಿಂಡೋಸ್ ಫೋಲ್ಡರಿನ ಒಳಗಿನ ಫಾಂಟ್ಸ್ ಎಂಬಲ್ಲಿ. ಅವನ್ನೂ ಜೊತೆಗೆ ತೆಗೆದುಕೊಳ್ಳಿ, ಬಿಡುವಾದಾಗ ಬರೆಹವನ್ನು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಿ.

ಪ್ರತಿ ತೆಗೆದಾಯಿತು ಎಂದುಕೊಳ್ಳೋಣ. ಈಗ ನಿಮ್ಮ ಯಂತ್ರ ವಿಂಡೋಸ್ 11ಕ್ಕೆ ತಕ್ಕದ್ದೇ ಎಂದು ನೋಡಬೇಕು. ಅದಕ್ಕೆ 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ, ಜೊತೆಗೆ ಇಂಟೆಲ್ ಆದರೆ ಎಂಟನೆಯ ಪೀಳಿಗೆ ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಬೇಕು. ಪೀಳಿಗೆ ತಿಳಿಯುವುದು ಸುಲಭ: ಐ5-7200 ಎಂದಿದ್ದರೆ ಅಡ್ಡಗೆರೆಯ ನಂತರದ ಏಳು ಎಂದರೆ ಏಳನೆಯ ಪೀಳಿಗೆ, ಆಗುವುದಿಲ್ಲ, ಐ5-8250 ಎಂದಿದ್ದರೆ ಎಂಟನೆಯದು, ಆಗುತ್ತದೆ. ಪಿಸಿ ಹೆಲ್ತ್ ಚೆಕ್ ಎಂಬ ಮೈಕ್ರೋಸಾಫ್ಟಿನದೇ ಉಚಿತ ತಂತ್ರಾಂಶವೂ ಇದನ್ನು ಹೇಳುತ್ತದೆ. ತಕ್ಕದ್ದಾಗಿದ್ದು ನಿಮ್ಮ ವಿಂಡೋಸ್ 10 ಅಸಲಿಯಾಗಿದ್ದರೆ ಹೊಸದಕ್ಕೆ ಹಣ ಕೊಡಬೇಕಾಗಿಲ್ಲ, ಫಾರ್ಮ್ಯಾಟೂ ಬೇಕಾಗಿಲ್ಲ. ವಿಂಡೋಸ್ ಅಪ್‌ಡೇಟಿನ ಮೂಲಕವೇ ಕಡತಗಳನ್ನು ಉಳಿಸಿಕೊಂಡು ಮೇಲೇರಬಹುದು. ಹಾಗಿದ್ದರೂ ಪ್ರತಿ ಬೇಕೇ ಎಂದು ಕೇಳುತ್ತೀರಿ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟು ಇರುವ ರೀತಿ ನಿಮಗೆ ಗೊತ್ತಿದೆಯಷ್ಟೆ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪಿನಲ್ಲಿ ಅರ್ಧ ಏರಿಸಿದಾಗ ಕರೆಂಟು ಹೋದರೆ ಏನಾಗುತ್ತದೆಂದು ನೋಡುವ ಆಸೆ ನನಗಂತೂ ಇಲ್ಲ.

ತಕ್ಕದ್ದಲ್ಲದ ಯಂತ್ರಗಳಿಗೆ ಎರಡು ದಾರಿಗಳಿವೆ. ಮನೆಬಳಕೆಯ ವಿಂಡೋಸ್ 10ಕ್ಕೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ತೇಪೆಗಳನ್ನು ಕೊಡುವ ಯೋಜನೆಯನ್ನು ಮೈಕ್ರೋಸಾಫ್ಟ್ ಪ್ರಕಟಿಸಿತು. ಮೈಕ್ರೋಸಾಫ್ಟ್ ಖಾತೆಯಲ್ಲಿ ಲಾಗಿನ್ ಆಗಿ ಸೆಟ್ಟಿಂಗುಗಳನ್ನು ಸಿಂಕ್ ಮಾಡಿದವರಿಗೆ, ಅಂದರೆ ಆ ಖಾತೆಯೊಡನೆ ಜೋಡಿಸಿಟ್ಟವರಿಗೆ, ಉಚಿತ. ಅದು ಉಸಿರಾಡಲು ಸಿಕ್ಕ ಬಿಡುವು, ಅಷ್ಟೇ. ಇನ್ನೊಂದು ದಾರಿ ಲಿನಕ್ಸ್, ವಿಂಡೋಸಿನ ಬದಲಿಗೆ ಹಾಕಿಕೊಳ್ಳಬಹುದಾದ ಬೇರೊಂದು ಆಪರೇಟಿಂಗ್ ಸಿಸ್ಟಮ್. ನನಗೆ ಪ್ರಿಯವಾದದ್ದು ಇದೇ ಎಂದು ಮುಚ್ಚಿಡುವುದಿಲ್ಲ. ನೆರೆಯ ಕೇರಳದ ಸರ್ಕಾರಿ ಶಾಲೆಗಳ ಮಕ್ಕಳು ಕಲಿಯುತ್ತಿರುವುದು ಇದರಲ್ಲೇ. ಹಳೆಯ ಯಂತ್ರಕ್ಕೆ ಲಿನಕ್ಸ್ ಮಿಂಟ್ ಎಂಬುದರ ಎಕ್ಸ್‌ಎಫ್‌ಸಿಇ ಆವೃತ್ತಿ ಹಗುರ. 4 ಜಿಬಿ ರ‍್ಯಾಮಿನಲ್ಲಿ ಆರಾಮವಾಗಿ ಓಡುತ್ತದೆ, ಕೆ.ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಲಿಮಣೆ ವಿನ್ಯಾಸವೂ ಅದರಲ್ಲಿ ದೊರೆಯುತ್ತದೆ. ಪೆನ್‌ಡ್ರೈವಿನಿಂದಲೇ ಓಡಿಸಿ, ಡಿಸ್ಕನ್ನು ಮುಟ್ಟದೆ, ಒಂದು ದಿನ ಬಳಸಿ ನೋಡಬಹುದು. ಆ ಪೆನ್‌ಡ್ರೈವನ್ನು ಸಿದ್ಧಪಡಿಸುವಾಗ ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ದಯವಿಟ್ಟು ಪ್ರತಿ ಇಟ್ಟ ಪೆನ್‌ಡ್ರೈವನ್ನೇ ಇದಕ್ಕೂ ಬಳಸಬೇಡಿ. ನಗಬೇಡಿ, ನನ್ನ ವಿದ್ಯಾರ್ಥಿಗಳೇ ಹಾಗೆ ಮಾಡಿದ್ದಾರೆ. ಟ್ಯಾಲಿಯಲ್ಲಿ ಲೆಕ್ಕವಿಡುವ ಅಂಗಡಿಯವರು ಮಾತ್ರ ವಿಂಡೋಸಿನಲ್ಲೇ ಉಳಿಯಿರಿ.

ಎರಡರಲ್ಲಿ ಯಾವುದನ್ನು ಆರಿಸಿದರೂ, ಯಂತ್ರದಲ್ಲಿ ಹಳೆಯ ತಿರುಗುವ ಹಾರ್ಡ್‌ಡಿಸ್ಕ್ ಇದ್ದರೆ ಅದನ್ನು ತೆಗೆಸಿ ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್, ಹಾಕಿಸಿ. ಕಾಫಿ ಕುಡಿಯುವಷ್ಟು ಹೊತ್ತು ಕಾಯಿಸುತ್ತಿದ್ದದ್ದು ಬಹುಮಟ್ಟಿಗೆ ಆ ಡಿಸ್ಕೇ. ಹೊಸ ವ್ಯವಸ್ಥೆಯನ್ನು ಎಸ್‌ಎಸ್‌ಡಿಯ ಮೇಲೆ ಹಾಕಿ, ತೆಗೆದ ಹಳೆಯ ಡಿಸ್ಕನ್ನು ಅಂಗಡಿಯಲ್ಲಿ ಬಿಡದೆ ಮನೆಗೆ ತಂದು, ಬಟ್ಟೆಯಲ್ಲಿ ಸುತ್ತಿ, ದಿನಾಂಕ ಬರೆದು ಬೀರುವಿನಲ್ಲಿಡಿ. ಪ್ರಿಂಟರ್ ಮುದ್ರಿಸುತ್ತಿದೆ, ಕನ್ನಡ ಕಡತಗಳು ಕನ್ನಡವಾಗಿಯೇ ತೆರೆಯುತ್ತಿವೆ, ಫೋಟೋಗಳೆಲ್ಲ ಇವೆ ಎಂದು ಖಾತ್ರಿಯಾಗುವವರೆಗೆ, ಕಡಿಮೆಯೆಂದರೆ ಮೂರು ತಿಂಗಳು, ಅದನ್ನು ಯಾರಿಗೂ ಕೊಡಬೇಡಿ. ಮಾವನ ಮನೆಯಲ್ಲಿ ಈಗ ಅಂಥ ಡಿಸ್ಕು ಒಂದಿದೆ. ಇನ್ನೊಂದು ಪ್ರತಿ ನನ್ನ ಮನೆಯಲ್ಲಿದೆ, ತಿಂಗಳಿಗೊಮ್ಮೆ ಬಸ್ಸಿನಲ್ಲಿ ಬರುತ್ತದೆ. ಕಳೆದ ಸಲ ಬಂದಾಗ ಪದಕೋಶ ‘ಹಾಳೆ’ಯವರೆಗೆ ಬಂದಿತ್ತು.

ನಮಸ್ಕಾರ.